ಬಲಗಡೆ ಮಾತ್ರ ಅವಸರ: ಮಂಡ್ಯದ ಒಂದು ಕಾರು, ಅದರ ಇಂಡಿಕೇಟರ್ ಮತ್ತು ಎರಡು ಸಲ ವಾಪಸ್ ಬಂದ ಆರ್‌ಸಿ ನವೀಕರಣ

ಕಾರು 2009ರ ಏಪ್ರಿಲ್‌ನಲ್ಲಿ ಮಂಡ್ಯದಲ್ಲಿ ನೋಂದಣಿಯಾದದ್ದು, ಕೆಎ-11 ಸರಣಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮಾಲೀಕರ ಮನೆ ಮದ್ದೂರಿನ ಕಡೆ, ಕೆಲಸ ಮೈಸೂರಿನಲ್ಲಿ. ಖಾಸಗಿ ಕಾರಿನ ಆರ್‌ಸಿಗೆ ಹದಿನೈದು ವರ್ಷದ ಅವಧಿ. ಅದು ಮುಗಿಯುವ ಮುನ್ನ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಐದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಫಾರಂ 25 ತುಂಬಿ, 2024ರ ಮಾರ್ಚ್ ಮೊದಲ ವಾರ ಕಾರನ್ನು ತಪಾಸಣೆಗೆ ತಂದರು. ಬ್ರೇಕು, ಸ್ಟೀರಿಂಗು, ಹಾರನ್ನು, ಹೊಗೆ ಪರೀಕ್ಷೆಯ ಸರ್ಟಿಫಿಕೇಟು ಯಾವುದರಲ್ಲೂ ತಕರಾರಿರಲಿಲ್ಲ. ಕಾರು ವಾಪಸ್ ಬಂದದ್ದು ಇಂಡಿಕೇಟರ್ ಕಾರಣಕ್ಕೆ.

ತಪಾಸಣೆಯ ಟಿಪ್ಪಣಿಯಲ್ಲಿ ನಾಲ್ಕು ದೋಷಗಳಿದ್ದವು. ಬಲ ಇಂಡಿಕೇಟರ್ ಹಾಕಿದರೆ ಟಕಟಕನೆ ದುಪ್ಪಟ್ಟು ವೇಗದಲ್ಲಿ ಮಿನುಗುತ್ತಿತ್ತು. ಎಡಗಡೆಯದು ನಿಧಾನವಾಗಿ ಸರಿಯಾಗಿಯೇ ಮಿನುಗುತ್ತಿತ್ತು, ಆದರೆ ಮುಂದಿನ ಎಡ ದೀಪದ ಬೆಳಕು ಬಿಳಿ. ಹಿಂದಿನ ಎರಡೂ ದೀಪಗಳ ಮೇಲೆ ಕಪ್ಪು ಛಾಯೆಯ ಫಿಲಂ. ಬಲ ಇಂಡಿಕೇಟರ್ ಮಿನುಗಿದಾಗಲೆಲ್ಲ ಅದರ ಪಕ್ಕದ ಕೆಂಪು ಟೈಲ್ ದೀಪವೂ ಮಂಕಾಗಿ ಜೊತೆಗೆ ಮಿಡಿಯುತ್ತಿತ್ತು. ಮಾಲೀಕರಿಗೆ ಇದು ಕ್ಷುಲ್ಲಕ ಅನ್ನಿಸಿತು. ಇಂಡಿಕೇಟರ್ ಹತ್ತಿ ಆರುತ್ತಿದೆಯಲ್ಲ, ಇನ್ನೇನು ಬೇಕು ಎಂಬುದು ಅವರ ಪ್ರಶ್ನೆ. ಬಹುತೇಕ ಕಾರು ಮಾಲೀಕರ ಪ್ರಶ್ನೆಯೂ ಇದೇ.

ಕಾನೂನು ಕೇಳುವುದು ಏನನ್ನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 102ನೇ ನಿಯಮ ಇಂಡಿಕೇಟರ್‌ಗೆ ಸಂಬಂಧಿಸಿದ್ದು. ತಿರುಗುವ ಸೂಚನೆ ಕೊಡುವ ದೀಪ ವಿದ್ಯುತ್ತಿನಿಂದ ನಡೆಯಬೇಕು, ಅದರ ಬಣ್ಣ ಅಂಬರ್, ಅಂದರೆ ಅರಿಶಿನಕ್ಕಿಂತ ಗಾಢವಾದ ಕಿತ್ತಳೆ ಹಳದಿ. ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ಕ್ಕಿಂತ ಹೆಚ್ಚಿಲ್ಲದಂತೆ ಮಿನುಗಬೇಕು. ಕಾರಿನ ಮುಂದೆ ಇರುವವರಿಗೂ ಹಿಂದೆ ಇರುವವರಿಗೂ ಸ್ಪಷ್ಟವಾಗಿ ಕಾಣಬೇಕು. ಇದರ ಜೊತೆಗೆ 108ನೇ ನಿಯಮ: ವಾಹನದ ಮುಂದೆ ಕೆಂಪು ಬೆಳಕು ಕೂಡದು, ಹಿಂದೆ ಕೆಂಪು ಬಿಟ್ಟು ಬೇರೆ ಬೆಳಕು ಕೂಡದು. ಇಂಡಿಕೇಟರ್‌ನ ಅಂಬರ್‌ಗೆ ಅಲ್ಲಿ ವಿನಾಯಿತಿ ಇದೆ.

ದೀಪ ಎಲ್ಲಿರಬೇಕು ಎಂಬುದು ಎಐಎಸ್-008 ಎಂಬ ವಾಹನೋದ್ಯಮದ ಮಾನದಂಡದಲ್ಲಿದೆ. ಮುಂದಿನ, ಹಿಂದಿನ ಇಂಡಿಕೇಟರ್‌ಗಳು ನೆಲದಿಂದ 350 ಮಿಲಿಮೀಟರ್‌ಗಿಂತ ಕೆಳಗೆ ಇರಬಾರದು, 1500 ಮಿಲಿಮೀಟರ್‌ಗಿಂತ ಮೇಲೆ ಹೋಗಬಾರದು. ಕಾರಿನ ಹೊರ ಅಂಚಿನಿಂದ 400 ಮಿಲಿಮೀಟರ್‌ಗಿಂತ ಒಳಗೆ ಸರಿಯಬಾರದು. ಬೆಳಕು ಹೊರಮಗ್ಗುಲಿಗೆ 80 ಡಿಗ್ರಿವರೆಗೆ, ಒಳಮಗ್ಗುಲಿಗೆ 45 ಡಿಗ್ರಿವರೆಗೆ ಕಾಣಬೇಕು. ಈ 80 ಡಿಗ್ರಿ ಮುಖ್ಯ. ಪಕ್ಕದ ಲೇನಿನಲ್ಲಿ ಅರ್ಧ ಕಾರಿನಷ್ಟು ಹಿಂದಿರುವ ಬೈಕಿನವನಿಗೆ ಕಾಣುವುದು ಆ ಓರೆ ಬೆಳಕು ಮಾತ್ರ.

ವೇಗದ ಅಂಕಿಗೂ ಕಾರಣ ಇದೆ. 60ಕ್ಕಿಂತ ನಿಧಾನವಾದರೆ ಎರಡು ಮಿಂಚಿನ ನಡುವೆ ಕತ್ತಲೆಯ ಹೊತ್ತು ಜಾಸ್ತಿಯಾಗಿ, ಹಿಂದಿನವನು ಕನ್ನಡಿಯ ಕಡೆಗೆ ಕಣ್ಣು ತಿರುಗಿಸಿದ ಕ್ಷಣದಲ್ಲೇ ಸೂಚನೆ ತಪ್ಪಿಹೋಗಬಹುದು. 120 ದಾಟಿದರೆ ಅದು ಸೂಚನೆಯಂತೆ ಕಾಣದೆ ಅದುರುವ ದೀಪದಂತೆ ಕಾಣುತ್ತದೆ, ಹಗಲಲ್ಲಂತೂ ಬಲ್ಬಿನ ತಂತಿ ಪೂರ್ತಿ ಕಾಯುವ ಮೊದಲೇ ಆರಿಹೋಗಿ ಬೆಳಕೂ ತಗ್ಗುತ್ತದೆ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್‌ನಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಮೂರು ಸಲ ಮಿನುಗಿಸಿ ಲೇನ್ ಬದಲಿಸುವ ಅಭ್ಯಾಸ ಇರುವವರು ನಿಮಿಷಕ್ಕೆ 90ರ ವೇಗದಲ್ಲಿ ಎರಡು ಸೆಕೆಂಡು, ಅಂದರೆ 55 ಮೀಟರ್ ಮುಂಚಿತವಾಗಿ ತಿಳಿಸಿದಂತೆ. ಈ ಕಾರಿನ ಬಲಗಡೆ ನಿಮಿಷಕ್ಕೆ 164 ಸಲ ಮಿನುಗುತ್ತಿತ್ತು. ಅದೇ ಮೂರು ಮಿಂಚು 30 ಮೀಟರಿನಲ್ಲಿ ಮುಗಿದುಹೋಗುತ್ತಿತ್ತು.

ಎಣಿಸುವುದು ಸುಲಭ. ಎಂಜಿನ್ ಚಾಲೂ ಇಟ್ಟು, ಫೋನಿನ ಸ್ಟಾಪ್‌ವಾಚ್ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 15ರಿಂದ 30ರೊಳಗೆ ಬಂದರೆ ನಿಯಮದ ಒಳಗೆ. ಇಲ್ಲಿ ಬಲಗಡೆ 41 ಬಂತು, ಎಡಗಡೆ 21.

ಬಲಗಡೆ ಯಾಕೆ ಅವಸರ

ಈ ಕಾರಿನಲ್ಲಿ ಒಂದು ಮಗ್ಗುಲಿಗೆ ಮೂರು ಬಲ್ಬು: ಮುಂದೆ 21 ವ್ಯಾಟ್, ಹಿಂದೆ 21 ವ್ಯಾಟ್, ಫೆಂಡರ್ ಮೇಲೆ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿನ ಪಕ್ಕಕ್ಕೆ, 5 ವ್ಯಾಟ್. ಒಟ್ಟು 47 ವ್ಯಾಟ್, 12 ವೋಲ್ಟಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 4 ಆಂಪಿಯರ್. ದೀಪವನ್ನು ಹತ್ತಿಸಿ ಆರಿಸಿ ಮಿನುಗಿಸುವ ಫ್ಲ್ಯಾಷರ್ ರಿಲೇ ಈ ಕರೆಂಟನ್ನು ಅಳೆಯುತ್ತಲೇ ಇರುತ್ತದೆ. ಒಂದು ದೊಡ್ಡ ಬಲ್ಬು ಹೋದರೆ ಕರೆಂಟು ಇಳಿಯುತ್ತದೆ, ಕೂಡಲೇ ರಿಲೇ ಮಿಡಿತವನ್ನು ದುಪ್ಪಟ್ಟು ಮಾಡುತ್ತದೆ. ಡ್ಯಾಶ್‌ಬೋರ್ಡಿನ ಹಸಿರು ಬಾಣ ಟಕಟಕ ಎನ್ನುವುದು ಡ್ರೈವರ್‌ಗೆ ಕಾರು ಹೇಳುವ ಮಾತು: ಹೊರಗೆ ಒಂದು ದೀಪ ಹೋಗಿದೆ, ಇಳಿದು ನೋಡು. ಬಲ್ಬು ಹೋದಾಗ ಮಿಡಿತದ ವೇಗ ಬದಲಾಗಲು ಮಾನದಂಡವೂ ಅವಕಾಶ ಕೊಟ್ಟಿದೆ. ಆದರೆ ಅದು ರಿಪೇರಿಯಾಗುವ ತನಕದ ಎಚ್ಚರಿಕೆ, ಕಾಯಂ ಸ್ಥಿತಿಯಲ್ಲ.

ಇಲ್ಲಿ ಮುಂದಿನ ಬಲ ಬಲ್ಬು ಒಂದು ವರ್ಷದ ಹಿಂದೆ ಸುಟ್ಟುಹೋಗಿತ್ತು. ಆಕ್ಸೆಸರಿ ಅಂಗಡಿಯಲ್ಲಿ ಅದರ ಜಾಗಕ್ಕೆ ಅಂಬರ್ ಎಲ್‌ಇಡಿ ಹಾಕಿಕೊಟ್ಟಿದ್ದರು. ಎಲ್‌ಇಡಿ ತಿನ್ನುವುದು ಬರೀ 3 ವ್ಯಾಟ್. 47 ಇದ್ದದ್ದು 29ಕ್ಕೆ ಇಳಿಯಿತು. ಬಲ್ಬು ಸತ್ತಿದೆ ಎಂದೇ ರಿಲೇ ತಿಳಿಯಿತು.

ಎಲ್‌ಇಡಿ ಹಾಕಿದ್ದರಲ್ಲಿ ಇನ್ನೂ ಎರಡು ತಪ್ಪಿದ್ದವು. ಕಾರಿನ ದೀಪಕ್ಕೆ ಅನುಮೋದನೆ ಸಿಕ್ಕಿರುವುದು ನಿರ್ದಿಷ್ಟ ವರ್ಗದ ಬಲ್ಬಿನ ಜೊತೆಗೆ. ಪ್ರತಿಫಲಕದ ಬಟ್ಟಲನ್ನು ತಂತಿಯ ಬಲ್ಬಿಗೆಂದೇ ರೂಪಿಸಿರುತ್ತಾರೆ, ಆ ತಂತಿ ಇರುವ ಒಂದು ಬಿಂದುವಿನಿಂದ ಬೆಳಕು ಎಲ್ಲ ಕಡೆಗೂ ಹರಡಿ ಬಟ್ಟಲಿಗೆ ತಾಗಬೇಕು. ಈ ಎಲ್‌ಇಡಿಯ ಬೆಳಕು ಕೊಡುವ ಚಿಪ್‌ಗಳೆಲ್ಲ ಮೂತಿಯ ಮೇಲೆ ನೇರ ಮುಂದಕ್ಕೆ ಮುಖಮಾಡಿದ್ದವು. ಎದುರು ನಿಂತರೆ ಕಣ್ಣು ಕುಕ್ಕುವಷ್ಟು ಬೆಳಕು, ಓರೆಗೆ ಎರಡು ಹೆಜ್ಜೆ ಸರಿದರೆ ಏನೂ ಇಲ್ಲ. 80 ಡಿಗ್ರಿಯ ಮಾತು ಅಲ್ಲಿಗೆ ಮುಗಿಯಿತು.

ಎಡಗಡೆಯ ಬಿಳಿ ಬೆಳಕು

ಈ ಕಾರಿನ ಮುಂದಿನ ಇಂಡಿಕೇಟರ್ ಗಾಜು ಬಣ್ಣವಿಲ್ಲದ್ದು. ಬಣ್ಣ ಬರಬೇಕಾದ್ದು ಬಲ್ಬಿನಿಂದಲೇ. ಅದಕ್ಕೆ ಬೇಕಾದದ್ದು ಪಿವೈ21ಡಬ್ಲ್ಯೂ ಎಂಬ ಅಂಬರ್ ಬಲ್ಬು. ಇದರ ಲೋಹದ ಕೊರಳಿನ ಎರಡು ಪಿನ್ನುಗಳು ಎದುರುಬದುರಾಗಿ ಇರುವುದಿಲ್ಲ, 150 ಡಿಗ್ರಿ ಕೋನದಲ್ಲಿ ಇರುತ್ತವೆ. ಬಿಳಿಯ ಪಿ21ಡಬ್ಲ್ಯೂ ಬಲ್ಬಿನಲ್ಲಿ ಪಿನ್ನುಗಳು ನೇರ ಎದುರುಬದುರು, 180 ಡಿಗ್ರಿ. ಅಂಬರ್ ಹೋಲ್ಡರಿಗೆ ಬಿಳಿ ಬಲ್ಬು ಕೂರಲೇಬಾರದು ಎಂದೇ ಹಾಗೆ ಮಾಡಿದ್ದಾರೆ.

ಎಡ ಹೋಲ್ಡರಿನಿಂದ ಬಲ್ಬು ಕಿತ್ತು ನೋಡಿದಾಗ ಒಂದು ಪಿನ್ನನ್ನು ಅರದಿಂದ ಉಜ್ಜಿ ನೆಲಸಮ ಮಾಡಿತ್ತು. ಉಜ್ಜಿದ ಜಾಗದ ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಒಂದೇ ಪಿನ್ನಿನ ಆಸರೆಯಲ್ಲಿ ಬಲ್ಬು ಒಂದು ಕಡೆಗೆ ವಾಲಿ ಕೂತಿತ್ತು, ತಂತಿ ಬಟ್ಟಲಿನ ನಡುಬಿಂದುವಿನಿಂದ ಸರಿದಿತ್ತು, ತಳದ ಸಂಪರ್ಕ ಅರ್ಧಂಬರ್ಧ ಒತ್ತಿ ಕಪ್ಪಾಗಿತ್ತು. ಯಾರೋ ಕೈಗೆ ಸಿಕ್ಕ ಬಿಳಿ ಬಲ್ಬನ್ನು ಹೇಗೋ ಕೂರಿಸಿದ್ದಾರೆ. ವ್ಯಾಟ್ ಸರಿಯಿದ್ದ ಕಾರಣ ಮಿಡಿತ ಸರಿಯಾಗಿಯೇ ಇತ್ತು, ಹಾಗಾಗಿ ಡ್ರೈವರ್ ಸೀಟಿನಲ್ಲಿ ಕೂತವರಿಗೆ ಇದು ಎಂದೂ ಗೊತ್ತಾಗುವಂತಿರಲಿಲ್ಲ. ಬಲಗಡೆ ಬಣ್ಣ ಸರಿ, ವೇಗ ತಪ್ಪು. ಎಡಗಡೆ ವೇಗ ಸರಿ, ಬಣ್ಣ ತಪ್ಪು. ಎರಡೂ 102ನೇ ನಿಯಮದ ಎದುರು ಒಂದೇ.

ಪಿನ್ನು ಉಜ್ಜದೆಯೂ ಬಿಳಿ ಬೆಳಕು ಬರುವುದುಂಟು. ಅಗ್ಗದ ಅಂಬರ್ ಬಲ್ಬುಗಳ ಮೇಲಿನ ಬಣ್ಣದ ಲೇಪ ಕಾದು ಕಾದು ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತದೆ. ಮೊದಲು ಬೆಳಕು ಮಾಸಲು ನಿಂಬೆ ಹಳದಿಯಾಗುತ್ತದೆ, ಆಮೇಲೆ ಬಿಳಿ. ಹತ್ತು ವರ್ಷ ದಾಟಿದ ಕಾರುಗಳಲ್ಲಿ ಇದನ್ನು ಖಂಡಿತ ನೋಡಬೇಕು.

ಮೊದಲ ರಿಪೇರಿ, ಅದರಿಂದ ಆದ ಹಾನಿ

ಟಿಪ್ಪಣಿ ಹಿಡಿದು ಮಾಲೀಕರು ಮತ್ತೆ ಅದೇ ಆಕ್ಸೆಸರಿ ಅಂಗಡಿಗೆ ಹೋದರು. ಎಡಕ್ಕೆ ಅಂಬರ್ ಬಲ್ಬು ಹಾಕಿದರು, ಅದು ಸರಿ. ಬಲಕ್ಕೆ ಎಲ್‌ಇಡಿ ಉಳಿಸಿಕೊಂಡೇ ವೇಗ ಇಳಿಸಲು 6 ಓಮ್, 50 ವ್ಯಾಟಿನ ಲೋಡ್ ರೆಸಿಸ್ಟರನ್ನು, ಅಂದರೆ ಬಲ್ಬಿನ ಬದಲಿಗೆ ಕರೆಂಟು ಎಳೆದು ರಿಲೇಯನ್ನು ನಂಬಿಸುವ ಭಾಗವನ್ನು, ಜೋಡಿಸಿದರು. ಎಂಜಿನ್ ಓಡುವಾಗಿನ 14 ವೋಲ್ಟಿನಲ್ಲಿ ಆ ರೆಸಿಸ್ಟರ್ 2.3 ಆಂಪಿಯರ್ ಎಳೆದು, ಹತ್ತಿದ ಹೊತ್ತೆಲ್ಲ 33 ವ್ಯಾಟನ್ನು ಬರಿಯ ಬಿಸಿ ಮಾಡುತ್ತದೆ. ಅದನ್ನು ಬಂಪರಿನ ಒಳಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದರು. ದೊಡ್ಡ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಬಲ ಇಂಡಿಕೇಟರ್ ಹಾಕಿ ಎರಡು ನಿಮಿಷ ನಿಂತರೆ ಸಾಕು, ಅದರ ಮೈ ಮುಟ್ಟಲಾಗದಷ್ಟು ಕಾಯುತ್ತದೆ. ನಾಲ್ಕನೇ ದಿನ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಂಪರಿನ ಒಳಮೈ ಒಂದು ರೂಪಾಯಿ ನಾಣ್ಯದಗಲ ಕರಗಿತ್ತು, ಪಕ್ಕದ ವೈರಿನ ಹೊದಿಕೆ ಮೆತ್ತಗಾಗಿತ್ತು.

ರೆಸಿಸ್ಟರ್ ಕಿತ್ತರು. ಅದರ ಬದಲು ಎಲ್‌ಇಡಿಗೆಂದೇ ಮಾರುವ ಫ್ಲ್ಯಾಷರ್ ಹಾಕಿದರು. ಇದು ಕರೆಂಟನ್ನು ಅಳೆಯುವುದೇ ಇಲ್ಲ, ಬರೀ ಕಾಲ ಎಣಿಸಿ ಮಿಡಿಯುತ್ತದೆ. ವೇಗ 88ಕ್ಕೆ ಬಂದು ನಿಂತಿತು. ನೋಡಲು ಎಲ್ಲ ಸರಿ. ನಿಜವಾದ ಅಪಾಯ ಶುರುವಾದದ್ದು ಇಲ್ಲಿಂದ.

ಏಪ್ರಿಲ್ ಮೊದಲ ವಾರ ಎರಡನೇ ತಪಾಸಣೆ. ಬಲ ಇಂಡಿಕೇಟರ್ ಹಾಕಿಸಿ ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿದರು. ಒಳಗೆ ಹಸಿರು ಬಾಣ ಹದವಾಗಿ ಮಿನುಗುತ್ತಿದೆ, ಮುಂದೆ ಎಲ್‌ಇಡಿ ಮಿನುಗುತ್ತಿದೆ, ಹಿಂದೆ ಕತ್ತಲು. ಹಿಂದಿನ ಬಲ ಬಲ್ಬು ಎಂದೋ ಸುಟ್ಟುಹೋಗಿತ್ತು. ಹಳೆಯ ರಿಲೇ ಇದ್ದಿದ್ದರೆ ಅಂದೇ ಟಕಟಕ ಎಂದು ಕೂಗಿರುತ್ತಿತ್ತು. ಹೊಸದು ಏನೂ ಹೇಳಲಿಲ್ಲ. ಎಷ್ಟು ದಿನ ಹೀಗೆ ಮದ್ದೂರಿನಿಂದ ಮೈಸೂರಿಗೆ ಹೋಗಿಬಂದರೋ, ಹೆದ್ದಾರಿಯಿಂದ ಎಷ್ಟು ಸಲ ಸರ್ವಿಸ್ ರಸ್ತೆಗೆ ಇಳಿದು ಯಾವ ತಿರುವಿನಲ್ಲಿ ಬಲಕ್ಕೆ ಹೊರಳಿದರೋ, ಹಿಂದಿನವರಿಗೆ ಯಾವ ಸೂಚನೆಯೂ ಸಿಕ್ಕಿರಲಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಹೆದ್ದಾರಿಯ ಮುಖ್ಯ ಲೇನುಗಳಲ್ಲಿ ಪ್ರವೇಶ ಇಲ್ಲ, ಅವೆಲ್ಲ ಈಗ ಸರ್ವಿಸ್ ರಸ್ತೆಯಲ್ಲೇ ಓಡುತ್ತವೆ. ಕತ್ತಲಾದ ಇಂಡಿಕೇಟರ್‌ಗೆ ಮೊದಲು ಸಿಗುವವರು ಅವರೇ.

ಮಿಡಿತದ ವೇಗವನ್ನು ಮಾತ್ರ ಸರಿಪಡಿಸುವ ಯಾವ ರಿಪೇರಿಯನ್ನೂ ಒಪ್ಪಬಾರದು ಎನ್ನುವುದು ಈ ಕಾರಣಕ್ಕೆ. ರೆಸಿಸ್ಟರ್ ಆಗಲಿ, ಎಲ್‌ಇಡಿ ಫ್ಲ್ಯಾಷರ್ ಆಗಲಿ ಮುಚ್ಚುವುದು ಎಚ್ಚರಿಕೆಯ ಬಾಯನ್ನು. ಅಂಗಡಿಯವರು ಬಂಪರಿನ ಕೆಳಗೆ ಎಲ್‌ಇಡಿ ಪಟ್ಟಿ ಅಂಟಿಸಿ ಅದನ್ನೇ ಇಂಡಿಕೇಟರ್ ಮಾಡುವ ಸಲಹೆಯನ್ನೂ ಕೊಟ್ಟಿದ್ದರು. ಅಲ್ಲಿನ ಎತ್ತರ ಅಳೆದರೆ 280 ಮಿಲಿಮೀಟರ್, 350ಕ್ಕೂ ಕಡಿಮೆ. ಅದು ಅಲ್ಲಿಗೇ ನಿಂತಿತು.

ನಿಜವಾದ ದೋಷ ಡಿಕ್ಕಿಯಲ್ಲಿತ್ತು

ಈ ಸಲ ಕಾರು ಮಂಡ್ಯದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಕೈಗೆ ಬಂತು. ಮೊದಲು ಎಲ್‌ಇಡಿ, ಎಲ್‌ಇಡಿ ಫ್ಲ್ಯಾಷರ್ ಎರಡನ್ನೂ ತೆಗೆದು, ಮುಂದೆ ಪಿವೈ21ಡಬ್ಲ್ಯೂ ಬಲ್ಬು, ಹಿಂದೆ ಹೊಸ 21 ವ್ಯಾಟ್ ಬಲ್ಬು, ಮೂಲ ಮಾದರಿಯ ಮೂರು ಪಿನ್ನಿನ ಫ್ಲ್ಯಾಷರ್ ಹಾಕಿದರು. ಫ್ಲ್ಯಾಷರ್ ಕೊಳ್ಳುವಾಗ ಅದರ ಮೈಮೇಲಿನ ಬರಹ ಓದಬೇಕು: 12 ವೋಲ್ಟ್, ಎರಡು ಅಥವಾ ನಾಲ್ಕು 21 ವ್ಯಾಟ್ ಬಲ್ಬು ಎಂದಿರುತ್ತದೆ. ಎರಡು ತಿರುವಿಗೆ, ನಾಲ್ಕು ಹಜಾರ್ಡ್‌ಗೆ, ಅಂದರೆ ಎರಡೂ ಮಗ್ಗುಲು ಒಟ್ಟಿಗೆ ಮಿನುಗುವುದಕ್ಕೆ.

ಹೊಸ ಬಲ್ಬು ಹತ್ತಿತು, ಆದರೆ ಮಂಕು. ಟೈಲ್ ದೀಪ ಇನ್ನೂ ಜೊತೆಗೆ ಮಿಡಿಯುತ್ತಲೇ ಇತ್ತು. ಒಂದು ದೀಪ ಹತ್ತಿದಾಗ ಪಕ್ಕದ ಬೇರೆ ದೀಪ ಮಿಡಿದರೆ ಮೊದಲು ಅನುಮಾನಿಸಬೇಕಾದ್ದು ಅರ್ತನ್ನು, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯನ್ನು. ಹಿಂದಿನ ಡಬ್ಬಿಯ ದೀಪಗಳೆಲ್ಲ ಒಂದೇ ಅರ್ತ್ ತಂತಿಯ ಮೂಲಕ ಕಾರಿನ ಲೋಹದ ಮೈಗೆ ಸೇರುತ್ತವೆ. ಆ ದಾರಿ ಕಟ್ಟಿಕೊಂಡರೆ ಇಂಡಿಕೇಟರ್‌ನ ಕರೆಂಟು ಟೈಲ್ ದೀಪದ ತಂತಿಯ ಮೂಲಕ ಹಿಂದೆ ನುಗ್ಗಿ ಬೇರೆ ದಾರಿ ಹುಡುಕುತ್ತದೆ.

ಮಿನುಗುವ ದೀಪದ ವೋಲ್ಟೇಜ್ ಮೀಟರಿನಲ್ಲಿ ನಿಲ್ಲುವುದಿಲ್ಲ, ಅಂಕಿ ಕುಣಿಯುತ್ತಿರುತ್ತದೆ. ಅದಕ್ಕೆ ಫ್ಲ್ಯಾಷರ್ ಕಿತ್ತು, ಅದರ ಸಾಕೆಟ್ಟಿನಲ್ಲಿ ಕರೆಂಟು ಬರುವ ಬಿ ಮತ್ತು ದೀಪಕ್ಕೆ ಹೋಗುವ ಎಲ್ ತುದಿಗಳನ್ನು ಫ್ಯೂಸ್ ಇರುವ ತುಂಡು ವೈರಿನಿಂದ ಸೇರಿಸಿದರು. ಕೆಲವು ಕಾರುಗಳಲ್ಲಿ ಇದೇ ತುದಿಗಳ ಮೇಲೆ 49 ಮತ್ತು 49ಎ ಎಂದು ಬರೆದಿರುತ್ತದೆ. ಈಗ ಬಲ ಇಂಡಿಕೇಟರ್ ಆರದೆ ಉರಿಯಿತು. ಬ್ಯಾಟರಿಯ ಬಳಿ 14.1 ವೋಲ್ಟ್. ಬಲ್ಬಿನ ಎರಡು ತುದಿಗಳ ನಡುವೆ 9.6. ಬಲ್ಬಿನ ಕೊರಳಿನಿಂದ ಬ್ಯಾಟರಿಯ ಮೈನಸ್‌ವರೆಗೆ 3.9. ಉಳಿದ 0.6 ಸ್ವಿಚ್ಚು, ವೈರಿನ ದಾರಿಯಲ್ಲಿ. ಅರ್ತ್ ದಾರಿಯಲ್ಲಿ 0.2 ವೋಲ್ಟಿಗಿಂತ ಹೆಚ್ಚು ಬಿದ್ದರೆ ಕೈಹಾಕಲೇಬೇಕು, ಇಲ್ಲಿ 3.9 ಬೀಳುತ್ತಿತ್ತು. ತಂತಿಯ ಬಲ್ಬಿನ ಬೆಳಕು ವೋಲ್ಟೇಜಿನಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. 13.5ರಲ್ಲಿ ಕೊಡುವ ಬೆಳಕಿನ ಮೂರನೇ ಒಂದು ಭಾಗವೂ 9.6ರಲ್ಲಿ ಸಿಗುವುದಿಲ್ಲ. ಅದರ ಮೇಲೆ ಕಪ್ಪು ಫಿಲಂ ಬೇರೆ.

ಡಿಕ್ಕಿಯ ಬಲ ಮೂಲೆಯ ಹೊದಿಕೆ ಬಿಚ್ಚಿದಾಗ ದೋಷ ಕಣ್ಣಿಗೆ ಬಿತ್ತು. ಅರ್ತ್ ತಂತಿಯ ಉಂಗುರ ತಾಮ್ರದ ಕಿಲುಬಿನಿಂದ ಹಸಿರಾಗಿತ್ತು, ಅದನ್ನು ಬಿಗಿದ ಬೋಲ್ಟು ತುಕ್ಕು ತಿಂದು ಪುಡಿ ಉದುರಿಸುತ್ತಿತ್ತು. ಅದರ ಕೆಳಗೆ ನೀರು ನಿಂತು ಒಣಗಿದ ಬಿಳಿ ಗೆರೆ. ನೀರು ಎಲ್ಲಿಂದ ಬಂತು? ಕಪ್ಪು ಫಿಲಂ ಅಂಟಿಸುವಾಗ ದೀಪದ ಡಬ್ಬಿ ಹೊರತೆಗೆದಿದ್ದಾರೆ, ಮತ್ತೆ ಕೂರಿಸುವಾಗ ಹಿಂದಿನ ಸ್ಪಂಜಿನ ಗ್ಯಾಸ್ಕೆಟ್ ಮಡಚಿಕೊಂಡಿದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಶರ್ ಪೈಪಿನಿಂದ ತೊಳೆದಾಗಲೆಲ್ಲ ನೀರು ಆ ಸಂದಿಯಿಂದ ಇಳಿದು ನೇರ ಅರ್ತ್ ಬೋಲ್ಟಿನ ಮೇಲೆ ಬಿದ್ದಿದೆ. ಅಂದಕ್ಕೆ ಅಂಟಿಸಿದ ಫಿಲಂ ಬೆಳಕನ್ನೂ ಕುಗ್ಗಿಸಿತು, ಅರ್ತನ್ನೂ ತಿಂದಿತು. ಗದ್ದೆ ಪಕ್ಕ ಕಾರು ನಿಲ್ಲಿಸುವ ನಮ್ಮ ಕಡೆ ಇಲಿ ವೈರು ಕಡಿಯುವುದೂ ಮಾಮೂಲಿ, ಹಾಗಾಗಿ ಆ ಮೂಲೆಯ ವೈರನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿದರು. ಅದೃಷ್ಟಕ್ಕೆ ಅಲ್ಲಿ ಹಲ್ಲಿನ ಗುರುತು ಇರಲಿಲ್ಲ.

ಉಂಗುರ ಕತ್ತರಿಸಿ ಹೊಸ ಉಂಗುರ ಕ್ರಿಂಪ್ ಮಾಡಿದರು. ಬಾಡಿಯ ಮೇಲಿನ ಜಾಗವನ್ನು 120 ನಂಬರಿನ ಎಮರಿ ಕಾಗದದಿಂದ ತಗಡು ಹೊಳೆಯುವ ತನಕ ಉಜ್ಜಿ, ಹೊಸ 6 ಮಿಲಿಮೀಟರ್ ಬೋಲ್ಟನ್ನು ಹಲ್ಲಿರುವ ವಾಷರ್ ಸಮೇತ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಜೆಲ್ಲಿ ಬಿಗಿದ ನಂತರ, ಮೊದಲಲ್ಲ. ಅರ್ತ್ ದಾರಿಯಲ್ಲಿ ಈಗ ಬೀಳುವುದು 0.08 ವೋಲ್ಟ್, ಬಲ್ಬಿಗೆ ಸಿಗುವುದು 13.4. ಟೈಲ್ ದೀಪ ಅಲುಗಾಡದೆ ನಿಂತಿತು.

ಫಿಲಂ ತೆಗೆಯಲು ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ ಮೂಲೆಯಿಂದ ನಿಧಾನವಾಗಿ ಎಳೆಯಬೇಕು. ಉಳಿದ ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಥಿನ್ನರ್, ಪೆಟ್ರೋಲ್ ಬೇಡ. ಅಕ್ರಿಲಿಕ್ ಗಾಜಿನಲ್ಲಿ ಜೇಡರ ಬಲೆಯಂತೆ ಸೂಕ್ಷ್ಮ ಬಿರುಕು ಹುಟ್ಟಿ ದೀಪವನ್ನೇ ಬದಲಿಸಬೇಕಾಗುತ್ತದೆ.

ದಂಡ, ಕಾಗದ, ದಿನಾಂಕ

ಬಲ್ಬು ಸುಟ್ಟುಹೋಗಿರುವುದಕ್ಕೂ ಮಾರ್ಪಾಡಿಗೂ ಕಾಯ್ದೆಯಲ್ಲಿ ದೊಡ್ಡ ವ್ಯತ್ಯಾಸ ಇದೆ. ಕೆಲಸ ಮಾಡದ ಇಂಡಿಕೇಟರ್ ನಿಯಮದ ಉಲ್ಲಂಘನೆ, 177ನೇ ಸೆಕ್ಷನ್ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ, ನಂತರ 1500ವರೆಗೆ. ಅನುಮತಿಯಿಲ್ಲದ ಭಾಗ ಜೋಡಿಸಿ ವಾಹನವನ್ನು ಬದಲಿಸುವುದಕ್ಕೆ 2019ರ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್‌ನ ನಾಲ್ಕನೇ ಉಪವಿಧಿ ಇದೆ. ಅಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಅಥವಾ ಎರಡೂ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು 200ನೇ ಸೆಕ್ಷನ್ ಅಡಿ ರಾಜ್ಯ ಸರ್ಕಾರ ನಿಗದಿಮಾಡುತ್ತದೆ, ಅದು ಬೇರೆ ಮಾತು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಕೂಡದು ಎಂಬ 52ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ದಾರಿಯಲ್ಲಿ ಬಲ್ಬು ಹೋದರೆ ರಿಪೇರಿಯ ಜಾಗ ತಲುಪುವ ತನಕ ಕೈಸನ್ನೆ ಕೊಡಬೇಕು.

ಆರ್‌ಸಿ ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನದೊಳಗೆ ಹಾಕಬಹುದು, ಅದಕ್ಕಿಂತ ಮುಂಚೆ ಆಗದು. ಹದಿನೈದು ವರ್ಷ ತುಂಬಿದ ಕಾರಿಗೆ 2022ರ ಏಪ್ರಿಲ್ 1ರಿಂದ ಶುಲ್ಕ 5000 ರೂಪಾಯಿ ಆಗಿತ್ತು, ತಡವಾದರೆ ತಿಂಗಳಿಗೆ 500 ಹೆಚ್ಚು. ಈ ಮಾಲೀಕರು ಮಾರ್ಚ್ ಮೊದಲ ವಾರವೇ ಬಂದಿದ್ದರಿಂದ ಎರಡು ಸಲ ವಾಪಸಾದರೂ ದಿನ ಉಳಿದಿತ್ತು. ಕೊನೆಯ ವಾರಕ್ಕೆ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ.

ಮೂರನೇ ತಪಾಸಣೆ ಏಪ್ರಿಲ್ ಮಧ್ಯದಲ್ಲಿ. ಹೋಗುವ ಹಿಂದಿನ ಸಂಜೆ ಎಲೆಕ್ಟ್ರಿಷಿಯನ್ ಹೆಡ್‌ಲೈಟು, ವೈಪರು, ಬ್ರೇಕ್ ಎಲ್ಲ ಒಟ್ಟಿಗೆ ಹಾಕಿಸಿ ಎಣಿಸಿದರು. ಎಡ 84, ಬಲ 84. ಇಗ್ನಿಷನ್ ಆಫ್ ಮಾಡಿ ಹಜಾರ್ಡ್ ಹಾಕಿದಾಗಲೂ ನಾಲ್ಕು ಮೂಲೆ ಒಟ್ಟಿಗೆ ಮಿನುಗಿದವು. ಆಮೇಲೆ ಒಂದೊಂದೇ 21 ವ್ಯಾಟ್ ಬಲ್ಬನ್ನು ಬೇಕೆಂದೇ ಕಿತ್ತು ನೋಡಿದರು. ನಾಲ್ಕು ಸಲವೂ ಒಳಗಿನ ಬಾಣ ಟಕಟಕ ಎಂದು ಓಡಿತು. ಎಚ್ಚರಿಕೆ ಮತ್ತೆ ಬದುಕಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮರುದಿನ ಕಾರು ಪಾಸಾಯಿತು, ಆರ್‌ಸಿ 2029ರ ಏಪ್ರಿಲ್‌ವರೆಗೆ ಸಿಂಧು.

ಫೆಂಡರಿನ 5 ವ್ಯಾಟ್ ಬಲ್ಬನ್ನು ಕಿತ್ತಾಗ ಮಾತ್ರ ಮಿಡಿತ ಬದಲಾಗಲಿಲ್ಲ. 47ರಲ್ಲಿ 5 ಕಡಿಮೆಯಾದರೆ ರಿಲೇಗೆ ತಿಳಿಯುವುದಿಲ್ಲ. ಪಕ್ಕದಲ್ಲೇ ಬರುವ ಬೈಕಿನವನಿಗೆ ಕಾಣುವುದು ಆ ಸಣ್ಣ ದೀಪ, ಅದನ್ನು ತಿಂಗಳಿಗೊಮ್ಮೆ ಇಳಿದು ಕಣ್ಣಿಂದಲೇ ನೋಡಬೇಕು. ಗೋಡೆ ಪಕ್ಕ ಕಾರು ನಿಲ್ಲಿಸಿದ ರಾತ್ರಿ ಇಂಡಿಕೇಟರ್ ಹಾಕಿದರೆ, ಗೋಡೆಯ ಮೇಲೆ ಮೂರು ಕಡೆ ಹಳದಿ ಬೆಳಕು ಬಿದ್ದಿದೆಯೇ ಎಂದು ಸೀಟಿನಿಂದ ಕತ್ತು ತಿರುಗಿಸಿ ನೋಡಿದರೂ ಗೊತ್ತಾಗುತ್ತದೆ.